ನಿರಾಶ್ರಿತರು ಕಟ್ಟಿದ ಊರು



ಮನೆ ಮಠ ಬಿಟ್ಟು ಬಂದವರನ್ನು ಕರೆಯಲು ನಮ್ಮ ಭಾಷೆಗಳಲ್ಲಿ ಹಲವು ಪದಗಳಿವೆ. ಕನ್ನಡದಲ್ಲಿ ‘ನಿರಾಶ್ರಿತ’ ಎನ್ನುತ್ತೇವೆ, ಅಂದರೆ ಆಶ್ರಯವಿಲ್ಲದವನು. ಉರ್ದುವಿನಲ್ಲಿ ‘ಮುಹಾಜಿರ್’ ಎಂದರೆ ಊರು ಬಿಟ್ಟು ಹೊರಟವನು, ‘ಪನಾಹ್‌ಗುಜೀನ್’ ಎಂದರೆ ಆಸರೆ ಪಡೆದವನು. ಹಿಂದಿಯಲ್ಲಿ ‘ಶರಣಾರ್ಥಿ’ ಎನ್ನುತ್ತಾರೆ. ಇದೇ ಪದ ಕನ್ನಡದಲ್ಲಿ ಬೇರೆಯೇ ಅರ್ಥ ಪಡೆದಿದೆ. ‘ಶರಣು ಶರಣಾರ್ಥಿ’ ಎಂದು ನಾವು ಎದುರಿನವರಿಗೆ ಕೈಮುಗಿಯುತ್ತೇವೆ. 1947ರಲ್ಲಿ ಗಡಿ ದಾಟಿ ಬಂದ ಪಂಜಾಬಿಗಳಲ್ಲಿ ಅನೇಕರಿಗೆ ಮಾತ್ರ ‘ಶರಣಾರ್ಥಿ’ ಎನ್ನಿಸಿಕೊಳ್ಳುವುದು ಹಿಡಿಸಲಿಲ್ಲ. ನಮ್ಮನ್ನು ‘ಪುರುಷಾರ್ಥಿ’ ಎನ್ನಿ, ನಾವು ದುಡಿದು ಬದುಕುವವರು ಎಂದು ಅವರು ಹೇಳಿಕೊಂಡರು.

ಹೆಸರಿನ ಬಗ್ಗೆ ಇಷ್ಟೇಕೆ ಹಠ ಎಂದು ನಿಮಗೆ ಅನ್ನಿಸಬಹುದು. ಎಲ್ಲವನ್ನೂ ಕಳೆದುಕೊಂಡು ಬಂದವನಿಗೆ ಅನ್ನ ಬೇಕು, ಬಟ್ಟೆ ಬೇಕು, ಸೂರು ಬೇಕು. ಇವುಗಳ ಜೊತೆಗೆ ಇನ್ನೊಂದು ಬೇಕು: ತನ್ನ ಬದುಕಿನ ತೀರ್ಮಾನವನ್ನು ತಾನೇ ಮಾಡುವ ಅವಕಾಶ. ಇದನ್ನು ಮರೆತು ಕೊಟ್ಟ ನೆರವು ಹೆಚ್ಚು ದಿನ ಬಾಳುವುದಿಲ್ಲ. ಈ ಮಾತಿಗೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ದೆಹಲಿಯ ಪಕ್ಕದ ಫರೀದಾಬಾದ್‌ನಲ್ಲಿ ನಡೆದ ಆ ಪ್ರಯತ್ನದ ಹಿಂದೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ಮಹಿಳೆಯ ಕೈಯೂ ಇತ್ತು. ಪಠ್ಯಪುಸ್ತಕದಲ್ಲಿ ದೇಶ ವಿಭಜನೆಯ ಪಾಠ ಸಾಮಾನ್ಯವಾಗಿ ರೈಲುಗಳು ಮತ್ತು ಹೆಣಗಳ ಮಾತಿಗೆ ನಿಂತುಬಿಡುತ್ತದೆ. ಆಮೇಲೆ ಜನ ಮತ್ತೆ ಹೇಗೆ ಬದುಕು ಕಟ್ಟಿಕೊಂಡರು ಎಂಬುದನ್ನೂ ನಾವು ಓದಬೇಕು.

ಎರಡೂ ಕಡೆಯ ಕಣ್ಣೀರು

1947ರ ವಿಭಜನೆಯಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಹಿಂದೂಗಳು, ಸಿಖ್ಖರು ಈ ಕಡೆಗೆ ಬಂದರೆ ಮುಸ್ಲಿಮರು ಆ ಕಡೆಗೆ ಹೋದರು. ಪಂಜಾಬಿನ ಕುರುಕ್ಷೇತ್ರದಲ್ಲಿ (ಇಂದು ಅದು ಹರಿಯಾಣದಲ್ಲಿದೆ) ಸರ್ಕಾರ ತೆರೆದ ಶಿಬಿರದಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 3 ಲಕ್ಷ ಜನ ತುಂಬಿಕೊಂಡರು. ನಮ್ಮ ಕಡೆ ನೆರೆ ಬಂದಾಗ ತೆರೆಯುವ ಗಂಜಿ ಕೇಂದ್ರಗಳನ್ನು ನೀವು ನೋಡಿರುತ್ತೀರಿ. ಅಂಥ ಒಂದು ಗಂಜಿ ಕೇಂದ್ರ ದೊಡ್ಡ ಪಟ್ಟಣದಷ್ಟು ಬೆಳೆದು ಡೇರೆಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ಹಬ್ಬಿದ್ದನ್ನು ಊಹಿಸಿಕೊಳ್ಳಿ.

ಅದೇ ಸೆಪ್ಟೆಂಬರಿನಲ್ಲಿ ದೆಹಲಿಯ ಮುಸ್ಲಿಮರು ಜೀವಭಯದಿಂದ ಪುರಾನಾ ಕಿಲಾ ಮತ್ತು ಹುಮಾಯೂನ್ ಗೋರಿಯ ಆವರಣದಲ್ಲಿ ಸೇರಿದ್ದರು. ತಮ್ಮದೇ ಊರಿನಲ್ಲಿ ಅವರು ನಿರಾಶ್ರಿತರಾಗಿದ್ದರು. ಅವರ ಸೇವೆಗೆ ಜಾಮಿಯಾ ಮಿಲ್ಲಿಯಾದ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಹೋದರು. ಗಲಭೆಯಲ್ಲಿ ಜಾಮಿಯಾದ ಸ್ವತ್ತಿಗೂ ಹಾನಿಯಾಗಿತ್ತು. ಅದರ ಮುಖ್ಯಸ್ಥರಾಗಿದ್ದ ಡಾ. ಜಾಕಿರ್ ಹುಸೇನ್ ಆಗಸ್ಟ್ ತಿಂಗಳಲ್ಲಿ ಜಾಲಂಧರ್ ರೈಲು ನಿಲ್ದಾಣದಲ್ಲಿ ಗಲಭೆಕೋರರ ಕೈಗೆ ಸಿಕ್ಕು, ಒಬ್ಬ ಸಿಖ್ ಸೇನಾಧಿಕಾರಿ ಹಾಗೂ ಒಬ್ಬ ಹಿಂದೂ ರೈಲ್ವೆ ಅಧಿಕಾರಿಯ ನೆರವಿನಿಂದ ಜೀವ ಉಳಿಸಿಕೊಂಡಿದ್ದರು.

ಈ ಶಿಬಿರಗಳಲ್ಲಿ ದುಡಿದವರಲ್ಲಿ ಬೇಗಂ ಅನೀಸ್ ಕಿದ್ವಾಯಿ ಅವರನ್ನು ನಮ್ಮ ವಿದ್ಯಾರ್ಥಿನಿಯರು ಮರೆಯಬಾರದು. 1947ರ ಅಕ್ಟೋಬರಿನಲ್ಲಿ ಮಸ್ಸೂರಿಯಲ್ಲಿ ಅವರ ಪತಿ ಶಫಿ ಅಹ್ಮದ್ ಕಿದ್ವಾಯಿ ಅವರ ಕೊಲೆಯಾಯಿತು. ದುಃಖ ಹೊತ್ತು ಅವರು ದೆಹಲಿಗೆ ಗಾಂಧೀಜಿಯ ಬಳಿ ಬಂದರು. ಶಿಬಿರಗಳಲ್ಲಿ ಕೆಲಸ ಮಾಡುವಂತೆ ಗಾಂಧೀಜಿ ಅವರಿಗೆ ಹೇಳಿದರು. ಅನೀಸ್ ಬೇಗಂ ಅಂದಿನಿಂದ ಗಾಯಾಳುಗಳ ಆರೈಕೆಯಲ್ಲಿ, ಅಪಹರಣವಾದ ಹೆಣ್ಣುಮಕ್ಕಳನ್ನು ಹುಡುಕುವ ಕೆಲಸದಲ್ಲಿ ತೊಡಗಿದರು. ಆ ದಿನಗಳ ಬಗ್ಗೆ ಅವರು ಉರ್ದುವಿನಲ್ಲಿ ಬರೆದ ‘ಆಜಾದಿ ಕೀ ಛಾಂವ್ ಮೇಂ’ ಎಂಬ ಪುಸ್ತಕ 1974ರಲ್ಲಿ ಪ್ರಕಟವಾಯಿತು. ಸ್ವತಃ ನೊಂದವರೇ ನೊಂದವರ ಕೈಹಿಡಿದರು ಎಂಬುದನ್ನು ಗಮನಿಸಿ. ಮುಂದಿನ ಕಥೆಯಲ್ಲಿಯೂ ಇದನ್ನೇ ಕಾಣುತ್ತೇವೆ.

ಮಂಗಳೂರಿನ ಮಗಳು

ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಅವರು ಏಳು ವರ್ಷದ ಬಾಲಕಿಯಾಗಿದ್ದಾಗ ತಂದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ವಿಧವೆಗೆ ಸಿಗುವುದು ತಿಂಗಳ ಜೀವನಾಂಶ ಮಾತ್ರ. ತಾಯಿ ಗಿರಿಜಾಬಾಯಿ ಆ ಜೀವನಾಂಶ ಬೇಡವೆಂದು ಬಿಟ್ಟುಕೊಟ್ಟು, ತವರಿನಿಂದ ಬಂದ ತನ್ನದೇ ಹಣದಲ್ಲಿ ಮಗಳನ್ನು ಸಾಕಿದರು. ಇನ್ನೊಬ್ಬರ ದಯೆಯ ಮೇಲೆ ಬದುಕುವುದು ಹೇಗಿರುತ್ತದೆ ಎಂಬುದು ಕಮಲಾದೇವಿಗೆ ಚಿಕ್ಕಂದಿನಲ್ಲಿಯೇ ತಿಳಿದಿತ್ತು.

ಮುಂದೆ ಅವರು 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು, ಮಹಿಳಾ ಸಂಘಟನೆಯಲ್ಲಿ ದುಡಿದರು. ಸ್ವಾತಂತ್ರ್ಯ ಬಂದಾಗ ಅಧಿಕಾರದ ಹುದ್ದೆಗಳ ಹಿಂದೆ ಹೋಗದೆ ನಿರಾಶ್ರಿತರ ಶಿಬಿರಗಳತ್ತ ನಡೆದರು. ಅಲ್ಲಿ ಅವರು ಕಂಡದ್ದು ಪಡಿತರಕ್ಕಾಗಿ ಸಾಲಿನಲ್ಲಿ ನಿಂತ ರೈತರು, ಅಂಗಡಿಕಾರರು, ಕುಶಲಕರ್ಮಿಗಳು. ಇವರೆಲ್ಲ ನಿನ್ನೆಯವರೆಗೆ ಹತ್ತು ಜನಕ್ಕೆ ಅನ್ನ ಹಾಕುತ್ತಿದ್ದವರು. ಇವರನ್ನು ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲಿಸಿದರೆ ಹೊಟ್ಟೆ ತುಂಬಬಹುದು, ಆದರೆ ಮನುಷ್ಯ ಉಳಿಯುವುದಿಲ್ಲ ಎಂದು ಅವರಿಗೆ ಅನ್ನಿಸಿತು. ನಿರಾಶ್ರಿತರು ಒಟ್ಟಾಗಿ ಸಹಕಾರ ಸಂಘ ಕಟ್ಟಿಕೊಂಡು ದುಡಿಯುವುದೇ ದಾರಿ ಎಂದು ಅವರು ನಂಬಿದರು. 1948ರಲ್ಲಿ ಅವರ ನೇತೃತ್ವದಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಂಸ್ಥೆ ಹುಟ್ಟಿತು. ದೆಹಲಿಯ ಒಂದು ನಿರಾಶ್ರಿತ ಶಿಬಿರದ ಉಸ್ತುವಾರಿ ನೋಡುತ್ತಿದ್ದ ಲಕ್ಷ್ಮೀಚಂದ್ ಜೈನ್ ಎಂಬ ತರುಣ ಅವರ ಜೊತೆಗೂಡಿದರು.

ಮೊದಲ ಪ್ರಯೋಗ ನಡೆದದ್ದು ದೆಹಲಿಯ ದಕ್ಷಿಣಕ್ಕೆ, ಮೆಹ್ರೌಲಿಯ ಹತ್ತಿರದ ಛತರ್‌ಪುರದಲ್ಲಿ. ಪಶ್ಚಿಮ ಪಂಜಾಬಿನಿಂದ ಬಂದ ರೈತ ಕುಟುಂಬಗಳು ಅಲ್ಲಿ ಸಹಕಾರಿ ಬೇಸಾಯ ಆರಂಭಿಸಿದವು. ಅಲ್ಲಿನ ಜಮೀನು ಊರು ಬಿಟ್ಟು ಹೋದ ಮುಸ್ಲಿಂ ರೈತರದಾಗಿತ್ತು. ಇದನ್ನು ಇಲ್ಲಿ ಹೇಳದೆ ಬಿಡುವುದು ಸರಿಯಲ್ಲ. ಹೊಸಬರು ಉತ್ತ ಪ್ರತಿಯೊಂದು ಸಾಲಿನಲ್ಲಿ ಹಳಬರ ಬೆವರೂ ಇತ್ತು. ಗಡಿಯ ಆಚೆಗೂ ಇದೇ ಆಯಿತು. ಈ ಕಡೆಯಿಂದ ಹೋದವರು ಆ ಕಡೆಯಿಂದ ಬಂದವರ ಮನೆಗಳಲ್ಲಿ ಒಲೆ ಹಚ್ಚಿದರು. ಒಬ್ಬರ ಪುನರ್ವಸತಿ ಇನ್ನೊಬ್ಬರ ನಷ್ಟದ ಮೇಲೆ ನಿಂತ ಕಾಲ ಅದು. ಇದಕ್ಕೆ ಹೊಲ ಉತ್ತ ಆ ಬಡ ರೈತ ಹೊಣೆಯಲ್ಲ. ಆದರೆ ಚರಿತ್ರೆ ಓದುವವರು ಎರಡೂ ಕಡೆಯ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಫರೀದಾಬಾದ್ ಎದ್ದು ನಿಂತದ್ದು

ಕುರುಕ್ಷೇತ್ರ ಮತ್ತಿತರ ಶಿಬಿರಗಳಲ್ಲಿ ವಾಯವ್ಯ ಸರಹದ್ದು ಪ್ರಾಂತ್ಯದಿಂದ ಬಂದ ಹತ್ತಾರು ಸಾವಿರ ಹಿಂದೂಗಳು ಮತ್ತು ಸಿಖ್ಖರಿದ್ದರು. ಬನ್ನು, ಕೊಹಾಟ್, ಡೇರಾ ಇಸ್ಮಾಯಿಲ್ ಖಾನ್, ಪೇಶಾವರ ಅವರ ಊರುಗಳು. ಅವರ ಮನೆಮಾತು, ಉಡುಗೆ, ಊಟ ಎಲ್ಲದರಲ್ಲೂ ಪಠಾಣರ ನಾಡಿನ ಛಾಪು ಇತ್ತು. ಅವರ ಮುಖಂಡರಲ್ಲಿ ಹಲವರು ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರ್ ಚಳವಳಿಯಲ್ಲಿ ಪಳಗಿದವರು. 1929ರಲ್ಲಿ ಆರಂಭವಾದ ಆ ಚಳವಳಿ ಕೆಂಪಂಗಿ ತೊಟ್ಟ ಪಠಾಣರಿಗೆ ಅಹಿಂಸೆಯ ಶಿಸ್ತನ್ನು ಕಲಿಸಿತ್ತು.

ಸರ್ಕಾರ ಈ ಜನರನ್ನು ರಾಜಸ್ಥಾನದ ಕಡೆಯ ಬೇರೆ ಬೇರೆ ಊರುಗಳಿಗೆ ಹಂಚಿ ಕಳಿಸಲು ಯೋಚಿಸಿತು. ಅವರು ಒಪ್ಪಲಿಲ್ಲ. ನಾವು ಒಟ್ಟಿಗೆ ಬಂದಿದ್ದೇವೆ, ಒಟ್ಟಿಗೇ ಇರುತ್ತೇವೆ ಎಂದು ದೆಹಲಿಯಲ್ಲಿ ಧರಣಿ ಕುಳಿತರು. ಬೇಡುವವರಿಗೆ ಆಯ್ಕೆ ಎಲ್ಲಿಂದ ಎಂದು ಕೇಳುವವರು ಆಗಲೂ ಇದ್ದರು. ಆದರೆ ಆ ಧರಣಿಯ ಅರ್ಥವನ್ನು ಯೋಚಿಸಿ ನೋಡಿ. ಮನೆ ಹೋಗಿತ್ತು, ಜಮೀನು ಹೋಗಿತ್ತು, ಅಂಗಡಿ ಹೋಗಿತ್ತು. ಉಳಿದಿದ್ದ ಒಂದೇ ಆಸ್ತಿ ಎಂದರೆ ಪರಸ್ಪರ ಪರಿಚಯ: ನೆರೆಹೊರೆ, ಬಂಧುಬಳಗ, ಒಬ್ಬರಿಗೊಬ್ಬರು ಸಾಲ ಕೊಡುವ ನಂಬಿಕೆ. ಅದನ್ನೂ ಹಂಚಿ ಚೆದುರಿಸಿದರೆ ಅವರ ಬಳಿ ಏನೂ ಉಳಿಯುತ್ತಿರಲಿಲ್ಲ.

ಕೊನೆಗೆ ದೆಹಲಿಯ ದಕ್ಷಿಣದಲ್ಲಿರುವ ಫರೀದಾಬಾದ್ ಎಂಬ ಹಳೆಯ ಊರಿನ ಬಳಿ ಹೊಸ ಪಟ್ಟಣ ಕಟ್ಟುವ ತೀರ್ಮಾನವಾಯಿತು. 1949ರಲ್ಲಿ ಇದಕ್ಕಾಗಿ ಫರೀದಾಬಾದ್ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಬಾಬು ರಾಜೇಂದ್ರ ಪ್ರಸಾದ್ ಅದರ ಅಧ್ಯಕ್ಷರು, ಸುಧೀರ್ ಘೋಷ್ ಮುಖ್ಯ ಆಡಳಿತಾಧಿಕಾರಿ. ಪ್ರಧಾನಿ ನೆಹರೂ ಇದರಲ್ಲಿ ಎಷ್ಟು ಆಸಕ್ತಿ ವಹಿಸಿದರೆಂದರೆ ಮಂಡಳಿಯ ಬಹುಪಾಲು ಸಭೆಗಳಿಗೆ ತಾವೇ ಬಂದು ಕೂರುತ್ತಿದ್ದರು.

ಈಗ ಮುಖ್ಯ ಪ್ರಶ್ನೆ ಎದ್ದಿತು. ಮನೆಗಳನ್ನು ಕಟ್ಟುವವರು ಯಾರು? ವಾಡಿಕೆಯಂತೆ ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ಕರೆಯಬೇಕು. ಗುತ್ತಿಗೆದಾರ ತನ್ನ ಕೂಲಿಗಳನ್ನು ತರುತ್ತಾನೆ, ನಿರಾಶ್ರಿತರು ಡೇರೆಯಲ್ಲಿ ಕೂತು ನೋಡುತ್ತಾರೆ, ಮನೆ ಮುಗಿದ ಮೇಲೆ ಬೀಗದ ಕೈ ಪಡೆಯುತ್ತಾರೆ. ಕಮಲಾದೇವಿ ಮತ್ತು ಅವರ ಸಂಗಡಿಗರು ಬೇರೆ ದಾರಿ ಹೇಳಿದರು. ಊರು ಇವರದು, ಕೆಲಸವೂ ಇವರಿಗೇ ಸಿಗಲಿ, ಕೂಲಿಯೂ ಇವರ ಮನೆಗೇ ಹೋಗಲಿ ಎಂದರು. ಇವರು ವ್ಯಾಪಾರಿಗಳು, ಗುದ್ದಲಿ ಹಿಡಿದವರಲ್ಲ ಎಂಬ ಆಕ್ಷೇಪ ಬಂತು. ಆ ಮಾತು ಒಂದರ್ಥದಲ್ಲಿ ನಿಜವೂ ಆಗಿತ್ತು. ಅಂಗಡಿಯ ಗದ್ದಿಗೆಯ ಮೇಲೆ ಕೂತು ರೂಢಿಯಾದ ಕೈಗಳು ಮಣ್ಣು ಹೊರಬೇಕಾಗಿತ್ತು. ಕೂಲಿ ಕೆಲಸ ಎಂದರೆ ಮರ್ಯಾದೆಗೆ ಕಡಿಮೆ ಎನ್ನುವ ಭಾವನೆಯೂ ಇತ್ತು.

ಆದರೂ ಅವರು ಇಳಿದರು. ಸಹಕಾರ ಸಂಘಗಳಾದವು. ಮಣ್ಣು ಅಗೆದರು, ಇಟ್ಟಿಗೆ ಹೊತ್ತರು, ಗಾರೆ ಕೆಲಸ ಕಲಿತರು, ರಸ್ತೆ ಹಾಕಿದರು. ಕೈಗೆ ಕೆಲಸ ಬಂದಂತೆ ಉಚಿತ ಪಡಿತರ ನಿಂತಿತು. ಸುಮಾರು ಐದು ಸಾವಿರ ಮನೆಗಳು ಎದ್ದವು. ಮನೆಗಳ ಜೊತೆಯಲ್ಲೇ ಶಾಲೆಗಳು ಬಂದವು. ಗಾಂಧೀಜಿಯ ‘ನಯೀ ತಾಲೀಮ್’ ಶಿಕ್ಷಣದಲ್ಲಿ ದುಡಿದಿದ್ದ ಆಶಾದೇವಿ ಆರ್ಯನಾಯಕಂ ಅಲ್ಲಿಗೆ ಬಂದು ಮಕ್ಕಳ ಶಿಕ್ಷಣಕ್ಕೆ ಕೈಜೋಡಿಸಿದರು. ಕೈಕೆಲಸ ಮತ್ತು ಓದು ಎರಡನ್ನೂ ಕೂಡಿಸಿ ಕಲಿಸುವ ಈ ಪದ್ಧತಿಗೆ ಅಂಥ ಊರಿಗಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಅಪ್ಪ ಅಮ್ಮ ಊರು ಕಟ್ಟುತ್ತಿದ್ದರೆ ಮಕ್ಕಳಿಗೆ ಅಳತೆ, ಲೆಕ್ಕ, ಭೂಗೋಳ ಎಲ್ಲವೂ ಕಣ್ಣೆದುರೇ ಇತ್ತು.

ಉದ್ಯೋಗಕ್ಕೆ ವಿದ್ಯುತ್ ಬೇಕಿತ್ತು. ಎರಡನೆಯ ಮಹಾಯುದ್ಧದ ಪರಿಹಾರವಾಗಿ ಜರ್ಮನಿಯಿಂದ ಭಾರತದ ಪಾಲಿಗೆ ಬಂದ ಒಂದು ಡೀಸೆಲ್ ವಿದ್ಯುತ್ ಸ್ಥಾವರ ಕಲ್ಕತ್ತೆಯಲ್ಲಿ ಬಿದ್ದಿತ್ತು. ಅದನ್ನು ತರಿಸಿ ಜೋಡಿಸಲಾಯಿತು, ಆ ಕೆಲಸದಲ್ಲಿ ನಿರಾಶ್ರಿತ ಯುವಕರೇ ಪಳಗಿದರು. 1951ರಲ್ಲಿ ಬಾಟಾ ಕಂಪನಿಯ ಪಾದರಕ್ಷೆ ಕಾರ್ಖಾನೆ ಬಂತು. ಇಂದು ಫರೀದಾಬಾದ್ ಹರಿಯಾಣದ ದೊಡ್ಡ ಕೈಗಾರಿಕಾ ನಗರ. ಆ ಮೊದಲ ಬಡಾವಣೆಗಳನ್ನು ಜನ ಈಗಲೂ ‘ಎನ್‌ಐಟಿ’ ಎನ್ನುತ್ತಾರೆ, ಅಂದರೆ ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್.

ಆಸ್ಪತ್ರೆಗೆ ಇಟ್ಟ ಹೆಸರು

ಈ ಊರಿನ ಜನ ತಮಗಾಗಿ ಒಂದು ಆಸ್ಪತ್ರೆಯನ್ನೂ ಕಟ್ಟಿಕೊಂಡರು. 1951ರಲ್ಲಿ ಅದು ಆರಂಭವಾದಾಗ ಅದಕ್ಕೆ ಅವರು ಇಟ್ಟ ಹೆಸರು ಯಾವುದು ಗೊತ್ತೇ? ಬಾದ್‌ಶಾಹ್ ಖಾನ್ ಆಸ್ಪತ್ರೆ. ಬಾದ್‌ಶಾಹ್ ಖಾನ್ ಎಂದರೆ ಅವರ ನೆಚ್ಚಿನ ನಾಯಕ ಖಾನ್ ಅಬ್ದುಲ್ ಗಫಾರ್ ಖಾನ್. 1948ರಲ್ಲಿಯೇ ಪಾಕಿಸ್ತಾನ ಸರ್ಕಾರ ಅವರನ್ನು ಜೈಲಿಗೆ ಹಾಕಿತ್ತು.

ಮಿತ್ರರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಧರ್ಮದ ಹೆಸರಿನ ಗಲಭೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದ ಹಿಂದೂ ಮತ್ತು ಸಿಖ್ ಕುಟುಂಬಗಳು ತಮ್ಮ ಮೊದಲ ಆಸ್ಪತ್ರೆಗೆ ಒಬ್ಬ ಮುಸ್ಲಿಂ ನಾಯಕನ ಹೆಸರನ್ನಿಟ್ಟವು. ಕಷ್ಟದ ದಿನಗಳಲ್ಲಿ ತಮ್ಮ ಪರವಾಗಿ ನಿಂತವರು ಯಾರು ಎಂಬುದು ಅವರಿಗೆ ಗೊತ್ತಿತ್ತು. ಕೇಡು ಮಾಡಿದವರ ಧರ್ಮವನ್ನೇ ಕೇಡಿಗೆ ಹೊಣೆ ಮಾಡುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ. 1987ರಲ್ಲಿ ಭಾರತ ಸರ್ಕಾರ ಬಾದ್‌ಶಾಹ್ ಖಾನರಿಗೆ ಭಾರತ ರತ್ನ ನೀಡಿತು. 1988ರ ಜನವರಿ 20ರಂದು ಅವರು ಪೇಶಾವರದಲ್ಲಿ ತೀರಿಕೊಂಡರು.

2020ರ ಡಿಸೆಂಬರಿನಲ್ಲಿ ಆ ಆಸ್ಪತ್ರೆಗೆ ಮಾಜಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಹೆಸರಿಡಲಾಯಿತು. ಊರು ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು ಇದನ್ನು ವಿರೋಧಿಸಿದರು. ವಾಜಪೇಯಿಯವರ ಮೇಲೆ ಅವರಿಗೆ ಅಗೌರವವಿರಲಿಲ್ಲ. ಹಿರಿಯರು ತಮ್ಮ ಕೈಯಾರೆ ಕಟ್ಟಿ ಇಟ್ಟ ಹೆಸರು ಉಳಿಯಲಿ ಎಂಬುದಷ್ಟೇ ಅವರ ಮಾತು. ಕಟ್ಟಿದವರನ್ನು ಕೇಳದೆ ಹೆಸರು ಬದಲಾದಾಗ ಅಳಿಯುವುದು ಒಂದು ಫಲಕ ಮಾತ್ರವಲ್ಲ, ಕೃತಜ್ಞತೆಯ ಒಂದು ಸಾಕ್ಷಿಯೂ ಹೌದು.

ಕಚೇರಿ ಗೆದ್ದಿತು, ಸಂಘ ಸೋತಿತು

ಫರೀದಾಬಾದ್ ಕಥೆಯಲ್ಲಿ ಎಲ್ಲವೂ ಸಿಹಿಯಲ್ಲ. ಕೆಲವೇ ವರ್ಷಗಳಲ್ಲಿ ಸರ್ಕಾರದ ಪುನರ್ವಸತಿ ಇಲಾಖೆಯ ಹಿಡಿತ ಬಿಗಿಯಾಯಿತು. ಮಂಡಳಿಗಿದ್ದ ಸ್ವಾತಂತ್ರ್ಯ ಹೋಯಿತು. ಕಡತ, ನಿಯಮ, ಮಂಜೂರಾತಿಗಳ ಮಧ್ಯೆ ಸಹಕಾರ ಸಂಘಗಳು ಉಸಿರುಗಟ್ಟಿ ಮುಚ್ಚಿಹೋದವು. ಪಟ್ಟಣವೇನೋ ಬೆಳೆಯಿತು, ಆದರೆ ಅದನ್ನು ಕಟ್ಟಿದ ಜನರೇ ಅದನ್ನು ನಡೆಸಬೇಕೆಂಬ ಕನಸು ಅರ್ಧಕ್ಕೆ ನಿಂತಿತು. ಲಕ್ಷ್ಮೀಚಂದ್ ಜೈನ್ ಅರ್ಧ ಶತಮಾನದ ನಂತರ, 1998ರಲ್ಲಿ, ಈ ಗೆಲುವು ಸೋಲು ಎರಡನ್ನೂ ಒಂದು ಪುಸ್ತಕದಲ್ಲಿ ದಾಖಲಿಸಿದರು. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ, 2010ರಲ್ಲಿ ತೀರಿಕೊಂಡರು.

ಕಮಲಾದೇವಿಯವರು ಅಲ್ಲಿಗೇ ನಿಲ್ಲಲಿಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ಮುಂದಿನ ವರ್ಷಗಳಲ್ಲಿ ನೇಕಾರರು, ಕುಂಬಾರರು, ಕಂಚುಗಾರರಿಗಾಗಿ ದೇಶವೆಲ್ಲ ಸುತ್ತಿದರು. 1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1988ರಲ್ಲಿ ನಿಧನರಾಗುವವರೆಗೂ ಅವರು ದುಡಿಯುವ ಕೈಗಳ ಪರವಾಗಿಯೇ ಇದ್ದರು.

ನಮ್ಮ ನೆಲದ ಸಾಕ್ಷಿ

ಫರೀದಾಬಾದಿನಲ್ಲಿ ಸಹಕಾರ ಸಂಘ ಸೋತದ್ದನ್ನು ನೋಡಿ ಆ ದಾರಿಯೇ ತಪ್ಪು ಎನ್ನುವುದಾದರೆ, ಉತ್ತರ ಮೈಸೂರು ಜಿಲ್ಲೆಯಲ್ಲಿದೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಭಾರತಕ್ಕೆ ಬಂದರು. ಅನೇಕರು ಮೊದಲು ಹಿಮಾಲಯದ ರಸ್ತೆ ಕೆಲಸಕ್ಕೆ ಸೇರಿದರು. ಇವರಿಗೆ ಜಮೀನು ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ದೊರೆಯಿತು. ಚಳಿ ನಾಡಿನಿಂದ ಬಂದವರು ಬಿಸಿಲಿನಲ್ಲಿ ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆಯಲು ಕಲಿತರು. 1961ರಲ್ಲಿ ಮೊದಲ ವಸತಿ ಲುಗ್‌ಸುಂಗ್ ಸಾಮ್ದುಪ್ಲಿಂಗ್, 1969ರಲ್ಲಿ ಎರಡನೆಯದು ಡಿಕ್ಕಿ ಲಾರ್ಸೋ ಆರಂಭವಾದವು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ವಸತಿಗಳಾದವು.

ಇಲ್ಲಿಯೂ ಬೆನ್ನೆಲುಬು ಸಹಕಾರ ಸಂಘವೇ. ಬೀಜ, ಗೊಬ್ಬರ, ಟ್ರ್ಯಾಕ್ಟರ್, ಬೆಳೆ ಮಾರಾಟ, ರತ್ನಗಂಬಳಿ ನೇಯ್ಗೆ ಹೀಗೆ ಅನೇಕ ಕೆಲಸಗಳನ್ನು ಸಂಘ ವಹಿಸಿಕೊಂಡಿತು. ಮಕ್ಕಳಿಗಾಗಿ ಕೇಂದ್ರ ಸರ್ಕಾರ ಟಿಬೆಟನ್ ಶಾಲೆಗಳನ್ನು ತೆರೆಯಿತು. 1968ರಲ್ಲಿ ಈ ಪುನರ್ವಸತಿ ಕೆಲಸಕ್ಕೆಂದೇ ‘ಮೈರಾಡ’ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿತು. ಟಿಬೆಟನ್ನರು ತಮ್ಮ ಕಾಲ ಮೇಲೆ ನಿಂತ ಬಳಿಕ ಮೈರಾಡ ಅವರನ್ನು ಹಿಡಿದುಕೊಂಡು ಕೂರಲಿಲ್ಲ. ನಮ್ಮ ಹಳ್ಳಿಗಳ ಬಡವರ ಕಡೆಗೆ ತಿರುಗಿ, ಸ್ವಸಹಾಯ ಗುಂಪುಗಳನ್ನು ಕಟ್ಟುವುದರಲ್ಲಿ ಹೆಸರು ಮಾಡಿತು. ತನ್ನ ಅಗತ್ಯ ಮುಗಿದಾಗ ಪಕ್ಕಕ್ಕೆ ಸರಿಯುವುದೂ ಸೇವೆಯ ಒಂದು ಭಾಗ.

ನಾವು ಕಲಿಯಬೇಕಾದದ್ದು

ಈ ಎರಡು ಊರುಗಳಿಂದ ನಾವು ಮೂರು ಮಾತು ಕಲಿಯಬಹುದು. ಮೊದಲನೆಯದು, ಬಂದವರನ್ನು ಚೆದುರಿಸಬಾರದು. ಅವರ ನೆರೆಹೊರೆಯೇ ಅವರ ಮೊದಲ ಬಂಡವಾಳ. ಎರಡನೆಯದು, ಕೆಲಸ ಮತ್ತು ಶಾಲೆ ಮನೆಯ ಜೊತೆಯಲ್ಲೇ ಬರಬೇಕು; ಮನೆ ಮೊದಲು, ಉಳಿದದ್ದು ಆಮೇಲೆ ಎಂದರೆ ಅದು ಮತ್ತೊಂದು ಶಿಬಿರವಾಗುತ್ತದೆ. ಮೂರನೆಯದು ಮತ್ತು ಎಲ್ಲಕ್ಕಿಂತ ಕಷ್ಟದ್ದು, ನೆರವು ಪಡೆಯುವವರನ್ನೇ ತೀರ್ಮಾನ ಮಾಡುವ ಜಾಗದಲ್ಲಿ ಕೂರಿಸಬೇಕು.

ನಿರಾಶ್ರಿತರ ಪ್ರಶ್ನೆ ನಮ್ಮಿಂದ ದೂರದ್ದು ಎಂದುಕೊಳ್ಳಬೇಡಿ. ಇಂದು ನಮ್ಮ ಊರುಗಳ ಕಟ್ಟಡ ಕೆಲಸಕ್ಕೆ, ಕಾಫಿ ತೋಟಕ್ಕೆ, ಇಟ್ಟಿಗೆ ಭಟ್ಟಿಗೆ ಬಿಹಾರ, ಒಡಿಶಾ, ಬಂಗಾಳ, ಅಸ್ಸಾಂಗಳಿಂದ ಕುಟುಂಬಗಳು ಬರುತ್ತಿವೆ. ಕಲಬುರಗಿ, ರಾಯಚೂರಿನ ನಮ್ಮದೇ ಕನ್ನಡಿಗರು ಬೆಂಗಳೂರಿನಲ್ಲಿ ತಗಡಿನ ಶೆಡ್ಡುಗಳಲ್ಲಿದ್ದಾರೆ. ಇವರನ್ನು ಯಾವ ಗಡಿಯೂ ಓಡಿಸಿಲ್ಲ, ಬಡತನ ಓಡಿಸಿದೆ. ಇವರ ಮಕ್ಕಳು ಶಾಲೆಯ ಬಾಗಿಲಿಗೆ ಬಂದಾಗ ‘ಟಿ.ಸಿ. ಎಲ್ಲಿ?’ ಎಂದು ಕೇಳಿ ಹಿಂದೆ ಕಳಿಸುವುದು ಕಾನೂನಿಗೂ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಇದು ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯನಿಗೂ ತಿಳಿದಿರಬೇಕು.

ಸೇರಿಸಿದ ಮೇಲೆ ಕೆಲಸ ಮುಗಿಯಿತು ಎಂದಲ್ಲ. ಆ ಮಗುವಿನ ಮನೆಮಾತಿನಲ್ಲಿ ನಾಲ್ಕು ಪದ ಕಲಿತು ಮಾತಾಡಿಸಿ, ನಿಧಾನವಾಗಿ ಕನ್ನಡ ಕಲಿಸಿ. ಅದರ ತಾಯಿಯನ್ನು ಶಾಲೆಯ ಸಭೆಗೆ ಕರೆದು ಕುರ್ಚಿ ಕೊಟ್ಟು ಕೂರಿಸಿ, ನಿಮಗೆ ಏನು ಬೇಕು ಎಂದು ಕೇಳಿ. ನಾವೇ ಎಲ್ಲ ತೀರ್ಮಾನಿಸಿ, ಚೀಲದಲ್ಲಿ ಅಕ್ಕಿ ತುಂಬಿ, ಫೋಟೋ ತೆಗೆಸಿಕೊಂಡು ಕೊಡುವುದು ಸುಲಭ. ಕೇಳಿ ಮಾಡುವುದಕ್ಕೆ ತಾಳ್ಮೆ ಬೇಕು.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ಊರಿಗೆ ಬೇರೆ ಕಡೆಯಿಂದ ಬಂದು ನೆಲೆಸಿದ ಒಂದು ಮನೆತನವನ್ನು ಹುಡುಕಿ. ಅದು ಸಿಂಧಿ ಬಟ್ಟೆ ಅಂಗಡಿಯವರದಾಗಿರಬಹುದು, ಅಣೆಕಟ್ಟಿನಲ್ಲಿ ಹಳ್ಳಿ ಮುಳುಗಿ ಬಂದವರದಾಗಿರಬಹುದು, ಬರಗಾಲದಲ್ಲಿ ಗುಳೆ ಬಂದವರದಾಗಿರಬಹುದು. ಮೊದಲ ದಿನ ಅವರಿಗೆ ನೀರು ಕೊಟ್ಟವರು ಯಾರು, ಮೊದಲ ಕೆಲಸ ಕೊಟ್ಟವರು ಯಾರು, ಸಾಲವಾಗಿ ಸಾಮಾನು ಕೊಟ್ಟ ಅಂಗಡಿಯವರು ಯಾರು ಎಂದು ಆ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಹೆಸರುಗಳು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಆ ಹಿರಿಯರು ಇರುವಾಗಲೇ ಕೇಳಿ ಬರೆದರೆ ಮಾತ್ರ ಅವು ಉಳಿಯುತ್ತವೆ.